ಮನೇಲಿ ಯಾರ್ಯಾರಿದೀರಾ

"ಮನೇಲಿ ಯಾರ್ಯಾರಿದೀರಮ್ಮ?"

ಕೆಂಗೇರಿಯಿಂದ ವಿಜಯನಗರಕ್ಕೆ ಹೊರಟಿದ್ದ ಬಸ್ಸಿನಲ್ಲಿ ಪಕ್ಕದ ಸೀಟಿನ ಮುದುಕಿ ಕೇಳಿದಳು. ದಾನಮ್ಮ ಪ್ರತಿ ಶುಕ್ರವಾರದಂತೆ ಉಪವಾಸ ಪ್ರಾರ್ಥನೆ ಮುಗಿಸಿ ಬರುತ್ತಿದ್ದಳು. ಅತ್ತೂ ಅತ್ತೂ ಕಣ್ಣು ಭಾರವಾಗಿದ್ದವು, ಹೊಟ್ಟೆ ಖಾಲಿ, ಯಾರ ಮಾತೂ ಬೇಡವಾಗಿತ್ತು. ಕಿಟಕಿಯಾಚೆ ನೋಡುತ್ತಲೇ "ಯಾರೂ ಇಲ್ರೀ" ಎಂದಳು.

ಮುದುಕಿ ಅವಳನ್ನು ಒಮ್ಮೆ ದಿಟ್ಟಿಸಿದಳು. ಹಣೆಯಲ್ಲಿ ಕುಂಕುಮವಿಲ್ಲ. ಕ್ರೈಸ್ತರ ಮನೆಯ ಹೆಣ್ಣು ದಾನಮ್ಮ, ಅದನ್ನು ಎಂದೂ ಇಟ್ಟವಳಲ್ಲ. ತಾಳಿ ಸೆರಗಿನೊಳಗೆ ಸರಿದುಹೋಗಿತ್ತು. ಮುದುಕಿ ಅವಳ ಕೈ ಮೇಲೆ ಕೈಯಿಟ್ಟಳು. "ಅಯ್ಯೋ ಪಾಪ. ಯಜಮಾನರು ಹೋಗಿ ಎಷ್ಟು ದಿನ ಆಯ್ತಮ್ಮ? ನಮ್ಮೋರೂ ಹೋದ್ವರ್ಷ ಹೋದ್ರು. ಇದ್ದಾಗ ಕಾಫಿ ಆರೋಯ್ತು ಅಂತ ದಿನಾ ಜಗಳ. ಈಗ ನಾನೊಬ್ಳೇ ಕೂತು ಬಿಸಿಬಿಸಿಯಾಗಿ ಕುಡೀತೀನಿ. ಗಂಟಲಲ್ಲಿ ಇಳಿಯಲ್ಲ."

ದಾನಮ್ಮ ತಟ್ಟನೆ ಅವಳತ್ತ ತಿರುಗಿದಳು. "ಇಲ್ರೀ, ಅವರು ಅದಾರ. ಗಟ್ಟಿಮುಟ್ಟಾಗಿ ಅದಾರ. ಮಕ್ಕಳಿಲ್ಲಂತ ಹಂಗಂದೆ."

"ಇದಾರಾ? ಸದ್ಯ, ಬಿಡಮ್ಮ" ಎಂದ ಮುದುಕಿ ನಾಚಿಕೊಂಡು ಕೈ ಹಿಂತೆಗೆದಳು. ಎರಡು ಸ್ಟಾಪು ಕಳೆದ ಮೇಲೆ ದಾನಮ್ಮನ ಬೆನ್ನು ತಟ್ಟಿ ಇಳಿದುಹೋದಳು.

ಆಗಿನ್ನೂ ಆ ಕಡೆಗೆ ಮೆಟ್ರೋ ಬಂದಿರಲಿಲ್ಲ. ವಿಜಯನಗರದಲ್ಲಿ ಇಳಿದು ಹೊಸಹಳ್ಳಿಯವರೆಗೆ ನಡೆಯಬೇಕು. ದಾನಮ್ಮ ನಡೆದಳು. ಬೆಟಗೇರಿಯಲ್ಲಿ ಮದುವೆಯಾಗಿ ಬಂದ ಹೊಸದರಲ್ಲಿ ಇದೇ ರಸ್ತೆಯಲ್ಲಿ ಗಂಡ ಬಾಳೇಶನ ಜೊತೆ ಭಾನುವಾರ ಭಾನುವಾರ ನಡೆದು ಬರುತ್ತಿದ್ದುದು ನೆನಪಾಯಿತು. ಚರ್ಚಿನಲ್ಲಿ ಎಲ್ಲರೂ ಹಾಡು ನಿಲ್ಲಿಸಿದ ಮೇಲೂ ಬಾಳೇಶನ ಕೊನೆಯ ಸಾಲು ಬಾಕಿ ಇರುತ್ತಿತ್ತು. ದಾನಮ್ಮ ನಗು ತಡೆಯಲಾರದೆ ಸೆರಗು ಕಚ್ಚಿಕೊಳ್ಳುತ್ತಿದ್ದಳು. ಬರುವಾಗ ದರ್ಶಿನಿಯಲ್ಲಿ ಒಂದೇ ಮಸಾಲೆ ದೋಸೆಯನ್ನು ಇಬ್ಬರೂ ಹಂಚಿಕೊಳ್ಳುತ್ತಿದ್ದರು. ಮರದ ಅಂಗಡಿಯ ಮುಂದೆ ನಿಂತು, ಎಂದೂ ಕೊಳ್ಳದ ಮಂಚಗಳನ್ನು ಒಂದೊಂದಾಗಿ ತಟ್ಟಿ ನೋಡಿ, ಚೆನ್ನಾಗಿಲ್ಲವೆಂದು ತಲೆಯಾಡಿಸಿ ಮುಂದೆ ಹೋಗುತ್ತಿದ್ದರು. ಆಮೇಲೆ ಯಾರೋ ಹೇಳಿದರು, ಕೂಸಿಗಾಗಿ ಇಷ್ಟು ಪ್ರಾರ್ಥನೆ ಸಾಲದು, ಇನ್ನೂ ಗಟ್ಟಿಯಾಗಿ ಬೇಡಿಕೊಳ್ಳಬೇಕು ಎಂದು. ಶುಕ್ರವಾರ ಉಪವಾಸಕ್ಕೆ ಹೋಯಿತು, ಭಾನುವಾರ ಊರಿನ ಇನ್ನೊಂದು ಮೂಲೆಯ ಪ್ರಾರ್ಥನಾ ಕೂಟಕ್ಕೆ. ಬರುವ ಕ್ರಿಸ್ಮಸ್ಸಿಗೆ ತೊಟ್ಟಿಲು ಖಂಡಿತ ಎಂದು ಒಬ್ಬರು ಹೇಳಿದ್ದರು. ಎಷ್ಟೋ ಕ್ರಿಸ್ಮಸ್ಸು ಕಳೆದುಹೋದವು. ದೋಸೆ ಯಾವಾಗ ನಿಂತಿತೆಂದು ದಾನಮ್ಮನಿಗೆ ನೆನಪೇ ಆಗಲಿಲ್ಲ.

ಮನೆಯಲ್ಲಿ ಕರೆಂಟಿರಲಿಲ್ಲ. ಬಾಳೇಶ ಮೇಣದಬತ್ತಿ ಹಚ್ಚಿಟ್ಟು, ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದ. ರಾಜಾಜಿನಗರದ ವರ್ಕ್‌ಶಾಪಿನಲ್ಲಿ ಕಬ್ಬಿಣವನ್ನು ಗುಂಡಗೆ ಕೊರೆಯುವವನಿಗೆ ರೊಟ್ಟಿ ಮಾತ್ರ ಗುಂಡಗೆ ಬರುತ್ತಿರಲಿಲ್ಲ. ಹೆಂಡತಿಯ ಉಪವಾಸ ಬಿಡಿಸಲೆಂದೇ ಕಲಿತ ವಿದ್ಯೆ ಅದು.

"ಇವತ್ತ ಪರವಾಗಿಲ್ಲ, ಬರೇ ಒಂದು ಮೂಲಿ ಎದ್ದೈತಿ" ಎಂದ.

ಮೇಣದಬತ್ತಿಯ ಬೆಳಕಿನಲ್ಲಿ ದಾನಮ್ಮ ಅವನನ್ನು ನೋಡಿದಳು. ಕಿವಿಯ ಮೇಲೆ ಕೂದಲು ಬೆಳ್ಳಗಾಗಿತ್ತು. ಯಾವಾಗ ಆಯಿತು? ಹೆಬ್ಬೆರಳಿನ ಪಕ್ಕದಲ್ಲಿ ಹಂಚು ಸುಟ್ಟ ಗುರುತು, ಅದರ ಪಕ್ಕ ಇನ್ನೊಂದು ಹಳೆಯದು. ಇಷ್ಟು ಶುಕ್ರವಾರ ಈ ರೊಟ್ಟಿಯನ್ನೇ ಉಂಡಿದ್ದಳು. ಉಣ್ಣುವಾಗಲೂ ತಲೆಯೊಳಗೆ ಬೇಡಿಕೆಯೇ ಓಡುತ್ತಿರುತ್ತಿತ್ತು.

ಇಬ್ಬರೂ ಚಾಪೆಯ ಮೇಲೆ ಮೊಣಕಾಲೂರಿದರು. ಸಂಜೆಯ ಪ್ರಾರ್ಥನೆ ಯಾವತ್ತೂ ದಾನಮ್ಮನದೇ. ಎಲ್ಲಿಂದ ಶುರುವಾದರೂ ಅದು ಕೂಸಿನ ಹತ್ತಿರ ಬಂದು ನಿಲ್ಲುವುದು, ಅವಳ ದನಿ ಒಡೆಯುವುದು, ಬಾಳೇಶ "ಆಮೆನ್" ಎಂದು ಎದ್ದು ನೀರು ತಂದುಕೊಡುವುದು, ಇಷ್ಟೂ ರೂಢಿಯಾಗಿಹೋಗಿತ್ತು.

"ಕರ್ತನೇ, ಈ ರೊಟ್ಟಿಗಾಗಿ ಸ್ತೋತ್ರ" ಎಂದಳು ದಾನಮ್ಮ. "ಇದನ್ನು ಬಡಿದ ಕೈಗಾಗಿ ಸ್ತೋತ್ರ. ಬಾಳೇಶನಿಗಾಗಿ ಸ್ತೋತ್ರ. ಆಮೆನ್."

ಬಾಳೇಶ ಆಮೆನ್ ಅನ್ನಲಿಲ್ಲ. ಕಣ್ಣು ತೆರೆದು ಅವಳನ್ನೇ ನೋಡುತ್ತಿದ್ದ. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವುದು ಅವರ ಕಡೆಯ ಹೆಂಗಸರಲ್ಲಿ ಇಲ್ಲ. ಅಂಚೆಯವನು ಕೇಳಿದರೂ ದಾನಮ್ಮ ಪಕ್ಕದ ಮನೆಯವರಿಂದ ಹೇಳಿಸುತ್ತಿದ್ದಳು.

"ಕೂಸಿನ ಮಾತು ಮರತಿ" ಎಂದ ಮೆಲ್ಲಗೆ.

"ಮರತಿಲ್ಲ. ಆತಗ ಗೊತ್ತೈತಿ. ದಿನಾ ಅದನ್ನ ಹೇಳಾಕ ಆತನೇನು ಕಿವುಡನೇನ್ರಿ?" ಎಂದಳು ದಾನಮ್ಮ. ಆಸೆ ಸತ್ತಿರಲಿಲ್ಲ, ಒಳಗೇ ಒಂದು ಕಡೆ ಕೂತಿತ್ತು. ಆದರೆ ಅಳು ಬರಲಿಲ್ಲ. "ಕೇಳೂದೊಂದ ಪ್ರಾರ್ಥನಿ ಅಂತ ತಿಳದಿದ್ದೆ. ಕೊಟ್ಟದ್ದನ್ನ ಒಂದ್ಸಲಾನೂ ಎಣಿಸಲಿಲ್ಲ ನೋಡ್ರಿ."

ಬಾಳೇಶ ರೊಟ್ಟಿಗೆ ಎಣ್ಣೆಗಾಯಿ ಹಾಕಿ ಅವಳ ಮುಂದಿಟ್ಟ. ಆಮೇಲೆ, ನೆಲ ನೋಡುತ್ತಾ, "ಇನ್ನೊಮ್ಮೆ ಹೇಳು" ಎಂದ.

"ಏನ?"

"ಹೆಸರು."

ದಾನಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ಅದು ದೇವರ ಮುಂದ ಹೇಳಿದ್ದು. ನಿಮ್ಮ ಮುಂದಲ್ಲ."

ಬಾಳೇಶ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಮತ್ತೆ ಮೊಣಕಾಲೂರಿ, ಕಣ್ಣು ಮುಚ್ಚಿದ.