ಪರದೇಶದ ಬುತ್ತಿ

“ಬುಟ್ಟಿ ಇಳಿಸ್ರಿ ಬೀಗರ. ಬಿಚ್ಚಿ ನೋಡಬೇಕು,” ಎಂದ ಕೊಟ್ರಪ್ಪ.

ಬಸುರಿ ಮಗಳ ಕುಬಸಕ್ಕೆಂದು ಪಕ್ಕದೂರಿನಿಂದ ಬುತ್ತಿ ಹೊತ್ತು ಬಂದ ವಿರೂಪಾಕ್ಷಮ್ಮ, ದಾರಿಗೆ ಅಡ್ಡ ಕಟ್ಟಿದ್ದ ಬಿದಿರನ್ನೂ ಅದರ ಹಿಂದೆ ಕೋಟು ತೊಟ್ಟು ನಿಂತ ಬೀಗನನ್ನೂ ನೋಡಿದಳು. “ಬಿಸಿಲಾಗ ಚ್ಯಾಷ್ಟಿ ಮಾಡಬ್ಯಾಡ್ರಿ.”

ತಮಾಷೆಯಾಗಿರಲಿಲ್ಲ. ನಲವತ್ತೆಂಟರ ಆ ಬೇಸಿಗೆಯಲ್ಲಿ ಊರವರು ನಿಜಾಮನ ಸುಂಕದ ನಾಕೆಯವರನ್ನು ಓಡಿಸಿ, ಹಿಂದೂಸ್ತಾನ ಬಂದು ಸೇರಿಸಿಕೊಳ್ಳುವ ತನಕ ತಮ್ಮ ನಲವತ್ತು ಮನೆಗಳೇ ಒಂದು ಸ್ವತಂತ್ರ ದೇಶವೆಂದು ಚಾವಡಿಯಲ್ಲಿ ಸಾರಿದ್ದರು. ರೈಲು ಹತ್ತಿ ಗದಗ ನೋಡಿ ಬಂದವನು ಕೊಟ್ರಪ್ಪ ಒಬ್ಬನೇ. ಹಾಗಾಗಿ ಪರದೇಶ ಖಾತೆಯ ಮಂತ್ರಿಯೂ ಅವನೇ. ಪರದೇಶಕ್ಕೇನು ಬರ, ನಾಲ್ಕು ದಿಕ್ಕಿಗೂ ಇತ್ತು. ಓಡಿಹೋದ ನಾಕೆಯವರ ಬಿದಿರನ್ನೇ ಮತ್ತೆ ಕಟ್ಟಿಸಿ, ಪರದೇಶದ ಮಾಲನ್ನು ಬಿಚ್ಚಿ ನೋಡದೆ ಒಳಗೆ ಬಿಡಬಾರದೆಂದು ಮೊದಲ ಕಾನೂನನ್ನೂ ಮಾಡಿದ್ದ.

“ಬಸುರಿ ಬುತ್ತಿ ಅಕೀನ ಮೊದಲ ಬಿಚ್ಚಬೇಕ್ರಿ. ಗಂಡಸರ ಕಣ್ಣು ಬೀಳಬಾರದು. ನಿಮ್ಮವ್ವ ಹೇಳಿಲ್ಲೇನು?”

ಕೊಟ್ರಪ್ಪನ ಕೈ ಬಿದಿರಿನ ಹಗ್ಗಕ್ಕೆ ಹೋಯಿತು. ಸೊಸೆ ಪಂಪಾವತಿ ಮೂರು ದಿನದಿಂದ ತಾಯಿಯ ಶೇಂಗಾ ಹೋಳಿಗೆಯನ್ನೇ ನೆನೆಯುತ್ತ ಸರಿಯಾಗಿ ಉಂಡಿರಲಿಲ್ಲ. ಅಷ್ಟರಲ್ಲಿ ಪಕ್ಕದಲ್ಲಿ ಕೋಲು ಹಿಡಿದು ನಿಂತಿದ್ದ ಮಕ್ಬುಲಸಾಬ, ಅಂದರೆ ಆ ದೇಶದ ಇಡೀ ಸೈನ್ಯ, ಕೆಮ್ಮಿತು.

“ಕಾಕಾ, ನಿನ್ನಿ ನಮ್ಮತ್ತೀದು ಎಲಿ ಅಡಕಿ ಸಂಚಿ ಸುದ್ದಾ ಝಾಡಿಸಿ ನೋಡೀರಿ. ಅಕಿ ಇನ್ನೂ ನನ್ನ ಕೂಡ ಮಾತಾಡವಲ್ಲಳು. ನಮ್ಮತ್ತಿಗೊಂದು ಕಾನೂನು, ನಿಮ್ಮ ಬೀಗರಿಗೊಂದೇನ್ರಿ?”

ಕೈ ಹಿಂದಕ್ಕೆ ಬಂತು.

ಸುದ್ದಿ ತಿಳಿದು ಪಂಪಾವತಿ ಸೊಂಟದ ಮೇಲೆ ಕೈಯಿಟ್ಟುಕೊಂಡು ಬಂದಳು. ಮಾವನ ಕಡೆ ನೋಡಲೂ ಇಲ್ಲ. “ಬಿದಿರು ಎತ್ತೋ ಮಕ್ಬುಲಣ್ಣಾ,” ಎಂದಳು. ಹೊರಗೆ ಹೋಗುವವರಿಗೆ ಇನ್ನೂ ಕಾನೂನು ಆಗಿರಲಿಲ್ಲವಾದ್ದರಿಂದ ಸೈನ್ಯ ಬಿದಿರನ್ನೆತ್ತಿತು. ಅವಳು ದೇಶ ದಾಟಿ ಬೇವಿನ ನೆರಳಲ್ಲಿ ತಾಯಿಯ ಮಗ್ಗುಲಿಗೆ ಕೂತು ಗಂಟು ಬಿಚ್ಚಿದಳು. ತುಪ್ಪದ ವಾಸನೆ ಯಾರ ಅಪ್ಪಣೆಯನ್ನೂ ಕೇಳದೆ ಈಚೆಗೆ ಬಂತು. ಮಂತ್ರಿ ಉಗುಳು ನುಂಗಿದ. ತಾಯಿ ಒತ್ತಾಯ ಮಾಡಿ ತುತ್ತಿಡುತ್ತಿದ್ದಳು, ಮಗಳು ಕಣ್ಣೊರೆಸಿಕೊಳ್ಳುತ್ತ ಉಣ್ಣುತ್ತಿದ್ದಳು. ಉಳಿದದ್ದನ್ನು ದಾರಿಯಲ್ಲಿ ಹೊರಟಿದ್ದ ಹೆಂಗಸರಿಗೆ ಹಂಚಿದರು.

“ಈಗ ಬಂದು ನೋಡ್ರಿ ಮಾವಾರ, ಬುಟ್ಟ್ಯಾಗ ಏನೂ ಇಲ್ಲ.”

“ಸಾಕು ಬಾ ಮಗಳ, ಮನೀಗೆ ಹೋಗೂಣು,” ಎಂದ ಕೊಟ್ರಪ್ಪ. ದನಿ ಮೆತ್ತಗಾಗಿತ್ತು.

“ಯಾ ಮನೀಗ್ರಿ? ಚೊಚ್ಚಲು ತವರಾಗ ಅಲ್ಲೇನು? ಹ್ಯಾಂಗೂ ದಾಟ್ಯಾಳ, ಕರಕೊಂಡು ಹೊಂಟೀನಿ,” ಎಂದು ವಿರೂಪಾಕ್ಷಮ್ಮ ಎದ್ದಳು.

“ಬೀಗರ, ನಿಮ್ಮೂರು ಇನ್ನೂ ನಿಜಾಮಂದೈತಿ! ನನ್ನ ಮೊಮ್ಮಗ ಅಲ್ಲಿ ಹುಟ್ಟಬೇಕೇನ್ರಿ?”

ಅವಳು ಬರಿದಾದ ಬುಟ್ಟಿಯನ್ನು ತಲೆಯ ಮೇಲಿಟ್ಟುಕೊಂಡಳು.

“ಹಡದ ಐದು ತಿಂಗಳಿಗೆ ಕೂಸನ್ನ ಇದ ಬುಟ್ಟ್ಯಾಗ ಹೊತ್ತು ತರ್ತೀನ್ರಿ. ಪರದೇಶದ ಮಾಲು. ಬಿಚ್ಚಿ ನೋಡಿ, ಬೇಕಂದ್ರ ಇಟಗೊಳ್ರಿ.”