ಥೇಟ್ ನಮ್ಮ ಬೀಗರು

ವ್ಯಂಗ್ಯಚಿತ್ರಕಾರ ಮುಖ ತೊಳೆದುಕೊಂಡು ಬರುವಷ್ಟರಲ್ಲಿ ಪೇಪರು ಮಾವನ ಕೈಗೆ ಸಿಕ್ಕಿಬಿಟ್ಟಿತ್ತು. ದಿನಾ ಎಲ್ಲರಿಗಿಂತ ಮೊದಲು ಎದ್ದು ಬಾಗಿಲ ಸಂದಿಯಿಂದ ಅದನ್ನು ಎಳೆದುಕೊಳ್ಳುತ್ತಿದ್ದವನಿಗೆ ಇವತ್ತೇ ನಿದ್ದೆ ಹತ್ತಬೇಕೆ? ಮಾವ ಕುರ್ಚಿಯಲ್ಲಿ ಕಾಲು ಚಾಚಿ ಕೂತು, ಮೊದಲ ಪುಟದ ಮೂಲೆಯಲ್ಲಿ ಅಳಿಯ ಬರೆದ ಚಿತ್ರವನ್ನು ಮೂಗಿಗೆ ತಾಗುವಂತೆ ಹಿಡಿದಿದ್ದರು. ಅಡುಗೆಮನೆ ಬಾಗಿಲಲ್ಲಿ ಹೆಂಡತಿ ಸೌಟು ಹಿಡಿದು ನಿಂತಿದ್ದಳು. ಅವಳು ಗಂಡನನ್ನು ನೋಡಿದ ನೋಟಕ್ಕೆ ಅಡಿಬರಹ ಬೇಕಿರಲಿಲ್ಲ.

ಅಪ್ಪ ಬಂದಿಳಿದ ದಿನವೇ ಅವಳು ಗಂಡನಿಂದ ಮಾತು ತೆಗೆದುಕೊಂಡಿದ್ದಳು. "ಬಸ್ಸಲ್ಲಿ ಕಂಡೋರು, ಅಂಗಡೀಲಿ ಕಂಡೋರು, ಯಾರನ್ನಾದ್ರೂ ಬರ್ಕೊಳ್ಳಿ. ನಮ್ಮಪ್ಪ ಏನಾದ್ರೂ ಪೇಪರಲ್ಲಿ ಬಂದ್ರೋ, ಅವರು ಹೊರಡೋ ದಿನ ನನ್ನ ಪೆಟ್ಟಿಗೇನೂ ಜೊತೇಲೇ ಹೊರಡುತ್ತೆ, ನೋಡಿ!" ಅವನೂ "ಛೆ ಛೆ, ಉಂಟಾ?" ಎಂದಿದ್ದ. ಆದರೆ ನಿನ್ನೆ ಬಸ್‌ಸ್ಟಾಪಿನಲ್ಲಿ ಮಾವ, "ಶಿಸ್ತು ಬೇಕ್ರೀ, ಶಿಸ್ತು! ಎಲ್ಲರೂ ನುಗ್ಗಿದ್ರೆ ಹೇಗೆ?" ಎಂದು ಸಾಲಲ್ಲಿ ನಿಂತ ಒಬ್ಬೊಬ್ಬರಿಗೂ ಪಾಠ ಹೇಳುತ್ತಾ, ಕೇಳಿಸಿಕೊಂಡವರನ್ನು ದಾಟುತ್ತಾ ದಾಟುತ್ತಾ, ಬಸ್ಸು ಬರುವ ಹೊತ್ತಿಗೆ ಎಲ್ಲರಿಗಿಂತ ಮುಂದೆ ಹೋಗಿ ನಿಂತಿದ್ದರು. ಅದನ್ನು ಕಂಡೂ ಸುಮ್ಮನಿರು ಎಂದರೆ ಕೈ ಕೇಳಬೇಕಲ್ಲ! ಸಂಜೆ ಸಂಪಾದಕರು "ಎಲ್ರೀ ಚಿತ್ರ?" ಎಂದು ತಲೆಯ ಮೇಲೆ ಬಂದು ನಿಂತಾಗ, ಹೊಟ್ಟೆಯ ಮೇಲಕ್ಕೇರಿದ ಪ್ಯಾಂಟು, ಕಂಕುಳಲ್ಲಿ ಕೊಡೆ, ಮೇಲೆತ್ತಿದ ತೋರುಬೆರಳು, ಎಲ್ಲ ತಾವಾಗಿಯೇ ಕಾಗದಕ್ಕೆ ಇಳಿದುಬಿಟ್ಟಿದ್ದವು.

ಮೊದಲು ಮಾವನ ಹೊಟ್ಟೆ ಅಲುಗಿತು. ಆಮೇಲೆ ಭುಜ. ಕೊನೆಗೆ ಕುರ್ಚಿ.

"ಅಳಿಯಂದಿರೇ, ಬನ್ನಿ ಇಲ್ಲಿ," ಎಂದರು ಕಣ್ಣೊರೆಸಿಕೊಳ್ಳುತ್ತಾ. "ನೀವು ಹೀಗೆ ಮಾಡಬಾರದಿತ್ತು."

"ತಪ್ಪಾಯ್ತು ಮಾವ, ಏನೋ ಅವಸರದಲ್ಲಿ..."

"ಎಷ್ಟಾದ್ರೂ ನಿಮ್ಮನ್ನ ಹೆತ್ತ ತಂದೆ ಅಲ್ವೇನ್ರೀ ಅವರು!"

ಅಳಿಯ ಬಗ್ಗಿ ತನ್ನ ಚಿತ್ರವನ್ನೇ ಮತ್ತೊಮ್ಮೆ ನೋಡಿದ.

"ಥೇಟ್ ನಮ್ಮ ಬೀಗರೇ! ಊರಿಗೆಲ್ಲ ಉಪದೇಶ, ತಮಗೆ ಮಾತ್ರ ರಿಯಾಯಿತಿ. ನಿಮ್ಮ ಮದುವೇಲಿ ಫೋಟೋಕ್ಕೆ ನಿಲ್ಲೋವಾಗ ನೋಡಿದ್ದೀನಲ್ಲ, 'ಸರೀರಿ, ಸರೀರಿ' ಅಂತ ಎಲ್ಲರನ್ನೂ ಪಕ್ಕಕ್ಕೆ ಸರಿಸಿ ನಡುವೆ ತಾವೇ ನಿಂತ್ಕೊಂಡ್ರು! ಆ ಹೊಟ್ಟೆ ನೋಡಿ, ಹೊಟ್ಟೆ!" ಮಾವ ಪೇಪರನ್ನು ತಮ್ಮ ಹೊಟ್ಟೆಯ ಮೇಲೆ ಹರವಿಕೊಂಡು, ಚಿತ್ರದ ಮೇಲೆ ಬೆರಳಿಟ್ಟು ತೋರಿಸಿದರು. ಪಾಪ, ಅವನ ಅಪ್ಪ ಕಡ್ಡಿಯಂಥ ಮನುಷ್ಯ. ಬೆಲ್ಟಿಗೆ ಮೊಳೆಯಿಂದ ಹೊಸ ತೂತು ಹೊಡೆಸಿಕೊಂಡು ತಿರುಗುವವರು.

"ರೀ, ಸ್ವಲ್ಪ ಒಳಗೆ ಬನ್ನಿ." ಹೆಂಡತಿ ಅಡುಗೆಮನೆಗೆ ಕರೆದು ಕೇಳಿದಳು, "ಅಟ್ಟದಿಂದ ಪೆಟ್ಟಿಗೆ ಇಳಿಸ್ಲಾ?"

"ಅದು ತಾನೇ ಅಂತ ನಿಮ್ಮಪ್ಪನಿಗೇ ಅನ್ನಿಸಲಿಲ್ಲ, ನಿನಗ್ಯಾಕೆ ಅನ್ನಿಸ್ಬೇಕು?"

"ಅದು ನಮ್ಮಪ್ಪ ಅಂತ ಯಾರಾದ್ರೂ ಒಬ್ಬರು ಹೇಳಲಿ, ಆಮೇಲೆ ಇದೆ ನಿಮಗೆ."

ಹೇಳುವವರು ಕಾದುಕೊಂಡೇ ಇದ್ದರೇನೋ, ಫೋನು ಬಡಿದುಕೊಂಡಿತು. ಅವನ ಅಪ್ಪ.

"ಏನೋ, ಬುದ್ಧಿಗಿದ್ಧಿ ಇದೆಯೇನೋ ನಿನಗೆ? ಮನೆಗೆ ಬಂದಿರೋ ಬೀಗರನ್ನ ಹೀಗಾ ಬರೆಯೋದು?" ಬೈಗುಳದ ಹಿಂದೆ ನಗು ಕೊತಕೊತ ಕುದಿಯುತ್ತಿತ್ತು. "ಕೊಡು ಅವರಿಗೆ. ನಾನೇ ಸಮಾಧಾನ ಹೇಳ್ತೀನಿ."

"ಬೇಡಪ್ಪ, ಅವರು ಸ್ನಾನಕ್ಕೆ..."

"ಯಾರು, ಬೀಗರಾ?" ಮಾವ ಒಳಗೇ ಬಂದು ಫೋನು ಕಸಿದುಕೊಂಡರು. "ಇತ್ತ ಕೊಡಿ. ನಾನೇ ಸಮಾಧಾನ ಹೇಳ್ತೀನಿ." ಕಿವಿ ಸ್ವಲ್ಪ ಮಂದವಾದ್ದರಿಂದ ಸ್ಪೀಕರ್ ಹಾಕಿಯೇ ಮಾತಾಡುವುದು ಅವರ ರೂಢಿ.

"ಬೀಗರೇ, ಮನಸ್ಸಿಗೆ ಹಚ್ಕೋಬೇಡಿ. ಹುಡುಗಬುದ್ಧಿ," ಎಂದರು ಮಾವ.

"ಅಯ್ಯೋ, ನೀವು ಹಚ್ಕೋಬೇಡಿ ಬೀಗರೇ!"

"ನನಗೇನ್ರೀ, ನಕ್ಕು ನಕ್ಕು ಪಕ್ಕೆ ನೋವು ಬಂತು."

"ನಕ್ಕುಬಿಟ್ರಾ? ದೊಡ್ಡ ಮನಸ್ಸು ನಿಮ್ಮದು!"

"ನನ್ನದೇನು ಬಂತು, ದೊಡ್ಡ ಮನಸ್ಸು ನಿಮ್ಮದು. ಬೇರೆ ಯಾರಾದ್ರೂ ಆಗಿದ್ರೆ ಇಷ್ಟು ಹೊತ್ತಿಗೆ ರಂಪ ಎಬ್ಬಿಸ್ತಿದ್ರು."

ಹೆಂಡತಿ ನಲ್ಲಿ ತಿರುಗಿಸಿ, ನೀರಿನ ಸದ್ದಿನೊಳಗೆ ನಗು ಮುಚ್ಚಿಕೊಂಡಳು.

ಫೋನಿಟ್ಟ ಮಾವ ಇಬ್ಬರನ್ನೂ ಹತ್ತಿರ ಕರೆದು ದನಿ ತಗ್ಗಿಸಿದರು. "ಪಾಪ ಕಣಮ್ಮ, ನನಗೇ ಸಮಾಧಾನ ಹೇಳ್ತಾರೆ! ಅದು ತಾವೇ ಅಂತ ಅವರಿಗೆ ಗೊತ್ತೇ ಆಗಿಲ್ಲ. ನೀವಿಬ್ಬರೂ ಬಾಯಿ ಬಿಡೋಕೆ ಹೋಗಬೇಡಿ, ನೊಂದ್ಕೋತಾರೆ." ಹೀಗೆಂದು ಟವೆಲ್ ಹೆಗಲಿಗೆಸೆದು, ಶಿಳ್ಳೆ ಹಾಕುತ್ತಾ ಸ್ನಾನಕ್ಕೆ ನಡೆದರು.

ವ್ಯಂಗ್ಯಚಿತ್ರಕಾರ ಉಸಿರುಬಿಟ್ಟು ಗೋಡೆಗೊರಗಿದ. ಹೆದರಿಕೆ ಇಳಿದದ್ದೇ ತಡ, ಜಂಭ ಏರಿತು. "ನೋಡಿದ್ಯೇನೇ? ಇಷ್ಟು ವರ್ಷ ಈ ಕೆಲಸದಲ್ಲಿ ನಾನು ಕಂಡಿದ್ದು ಇದೇ. ಮನುಷ್ಯನಿಗೆ ಊರವರ ಮುಖವೆಲ್ಲ ಗುರುತು ಸಿಗುತ್ತೆ, ತನ್ನದೊಂದು ಬಿಟ್ಟು."

"ಹೌದು ಹೌದು," ಎಂದಳು ಅವಳು, ನಲ್ಲಿ ನಿಲ್ಲಿಸುತ್ತಾ. "ನಿಮ್ಮ ಚಿತ್ರದಲ್ಲಿ ಆಗಾಗ ಒಬ್ಬ ಗಂಡ ಬರ್ತಾನಲ್ಲ, ಸಕ್ಕರೆ ಡಬ್ಬಿ ಮುಂದೇನೇ ನಿಂತ್ಕೊಂಡು 'ಸಕ್ಕರೆ ಎಲ್ಲೇ?' ಅಂತ ಕೂಗೋನು? ಹೆಂಡತಿ ಮಾತಾಡ್ತಿದ್ರೆ ಪೇಪರಿನ ಹಿಂದಿನಿಂದ ಬರೀ 'ಹೂಂ, ಹೂಂ' ಅನ್ನೋನು? ಎದುರುಮನೆಯವನು ಅಂತ ಕಂಡಕಂಡೋರ ಹತ್ರ ಹೇಳ್ಕೊಂಡು ನಗ್ತಾ ಇರ್ತೀರಲ್ಲ..."

"ಹೂಂ?"

"ನಾನು ಯಾವತ್ತಾದ್ರೂ ಬಾಯಿ ಬಿಟ್ಟಿದ್ದೀನಾ?"