ಗುರುತು

ಹೆಚ್ಚಾಗಿ ಸರಕಿನ ವಿಮಾನಗಳೇ ಇಳಿಯುವ ಸಣ್ಣ ನಿಲ್ದಾಣವದು. ಮಸ್ಕತ್‌ನಿಂದ ಬಂದಿಳಿದ ಶವಪೆಟ್ಟಿಗೆಯ ಮುಂದೆ ಸುಗಂಧಿ ಒಬ್ಬಳೇ ನಿಂತಿದ್ದಳು.

“ಹೆದರ್ಬೇಡಿ ಅಮ್ಮಾ. ನಿಮ್ಮ ಯಜಮಾನರ ಮುಖ ಒಮ್ಮೆ ನೋಡಿ, ಇಲ್ಲಿ ಸಹಿ ಹಾಕಿ,” ಎಂದು ಗುಮಾಸ್ತ ಮುಚ್ಚಳ ಸರಿಸಿದ.

ಅವಳು ಬಗ್ಗಿ ನೋಡಿದಳು. ಒಳಗೆ ಮಲಗಿದ್ದವನು ಯಾರೋ ಅಪರಿಚಿತ.

ಹಾಗಾದರೆ ಗಂಡ ಬದುಕಿರಬೇಕು. ಇವತ್ತಲ್ಲ ನಾಳೆ ಮನೆಗೆ ಬರುತ್ತಾನೆ. ಹೋದ ಸಲ ರಜೆಗೆ ಬಂದಾಗ ಅವನು ಕಾದ ಇಸ್ತ್ರಿಪೆಟ್ಟಿಗೆ ಒತ್ತಿದ್ದ ತೋಳನ್ನು ಸೆರಗಿನೊಳಗೆ ಎಳೆದುಕೊಂಡಳು.

“ಕಾಗದಪತ್ರ ಎಲ್ಲಾ ಸರಿಯಾಗೇ ಉಂಟು. ಆದ್ರೂ ನೀವೇ ಹೇಳ್ಬೇಕು. ಇವರೇ ಅಂತಾದ್ರೆ ಅವರ ಪಾಸ್‌ಪೋರ್ಟ್ ರದ್ದಾಗಿ ಫೈಲು ಮುಚ್ತದೆ. ಇವರಲ್ಲ ಅಂತಾದ್ರೆ ಪೆಟ್ಟಿಗೆ ವಾಪಸ್ ಕಳಿಸಿ, ನಿಮ್ಮ ಯಜಮಾನರನ್ನು ಹುಡುಕಿಸ್ತೇವೆ.”

“ಇವರೇ ಸಾರ್,” ಎಂದು ಸುಗಂಧಿ ಪೆನ್ನಿಗೆ ಕೈ ಚಾಚಿದಳು.